ನೆರೆಯ ದೇಶಗಳಲ್ಲಿ ಹೊಸ ಕಾರಿನ ಬೆಲೆ ವ್ಯತ್ಯಾಸ: ಸಿಂಗಪುರ ಮತ್ತು ಮಲೇಷ್ಯಾ

ಸಿಂಗಪುರಕ್ಕೂ ಮಲೇಷ್ಯಾದ ಜೊಹೊರ್ ಬಹ್ರು ನಗರಕ್ಕೂ ನಡುವೆ ಇರುವುದು ಸುಮಾರು 1 ಕಿ.ಮೀ. ಉದ್ದದ ಸಮುದ್ರದಾರಿ. ಆದಾಗ್ಯೂ ಒಂದೇ ಮಾದರಿಯ ಹೊಸ ಕಾರಿಗೆ ಸಿಂಗಪುರದಲ್ಲಿ ಹಲವು ಪಟ್ಟು ಅಧಿಕ ಬೆಲೆ ತೆರಬೇಕಾಗುತ್ತದೆ. ಕಾರ್ಖಾನೆಯ ದರವಾಗಲಿ ಸಾಗಣೆ ವೆಚ್ಚವಾಗಲಿ ಇದಕ್ಕೆ ಮುಖ್ಯ ಕಾರಣವಲ್ಲ.

ಭೂಮಿ ಸೀಮಿತವಾಗಿರುವ ಸಿಂಗಪುರದಲ್ಲಿ ವಾಹನಗಳ ಸಂಖ್ಯೆಯನ್ನೇ ನಿಯಂತ್ರಿಸುವ ಸಲುವಾಗಿ 1990ರಲ್ಲಿ ಕೋಟಾ ಪದ್ಧತಿಯನ್ನು ಜಾರಿಗೊಳಿಸಲಾಯಿತು. ಅದರಂತೆ ಕಾರನ್ನು ನೋಂದಾಯಿಸುವ ಮುನ್ನ ಹರಾಜಿನ ಮೂಲಕ ಅರ್ಹತಾ ಪ್ರಮಾಣಪತ್ರ ಪಡೆಯತಕ್ಕದ್ದು. ಇದರ ಅವಧಿ 10 ವರ್ಷ. ತದನಂತರ ಮತ್ತೆ ಹಣ ಪಾವತಿಸಿ ನವೀಕರಿಸಬೇಕು, ಇಲ್ಲವೇ ನೋಂದಣಿ ರದ್ದುಪಡಿಸಬೇಕು. 2023ರಲ್ಲಿ ಸಣ್ಣ ಕಾರುಗಳ ವರ್ಗದಲ್ಲಿಯೂ ಪ್ರಮಾಣಪತ್ರದ ಮೊತ್ತ 1 ಲಕ್ಷ ಸಿಂಗಪುರ ಡಾಲರ್ ದಾಟಿತ್ತು. ಅಂದರೆ ಕಾರಿಗಿಂತ ಕಾಗದವೇ ದುಬಾರಿ. ಇದಲ್ಲದೆ ಶೇ. 20ರ ಅಬಕಾರಿ ಸುಂಕ, 2024ರಿಂದ ಶೇ. 9ರ ಸರಕು ಮತ್ತು ಸೇವಾ ತೆರಿಗೆ, ಆಮದು ಮೌಲ್ಯವನ್ನಾಧರಿಸಿ ಶೇ. 100ರಿಂದ 320ರವರೆಗೆ ಹಂತಹಂತವಾಗಿ ಏರುವ ಹೆಚ್ಚುವರಿ ನೋಂದಣಿ ಶುಲ್ಕವೂ ಉಂಟು.

ಮಲೇಷ್ಯಾದಲ್ಲಿ ಸುಂಕದ ಹೊರೆ ಕಡಿಮೆಯೆಂದು ಭಾವಿಸಬಾರದು. 1983ರಲ್ಲಿ ಸ್ಥಾಪಿತವಾದ ಪ್ರೋಟಾನ್‌ನಂತಹ ಸ್ವದೇಶಿ ಉದ್ಯಮದ ರಕ್ಷಣೆಗಾಗಿ ಆಮದು ಕಾರುಗಳಿಗೆ ಅಲ್ಲಿ ಭಾರೀ ಸುಂಕ ವಿಧಿಸುತ್ತ ಬರಲಾಗಿದೆ. ಆದರೆ ಹರಾಜು ಪದ್ಧತಿ ಇಲ್ಲ.

ಉದ್ಯೋಗನಿಮಿತ್ತ ಸಿಂಗಪುರಕ್ಕೆ ತೆರಳುವ ಕನ್ನಡಿಗರು ಒಂದು ಅಂಶವನ್ನು ಗಮನಿಸತಕ್ಕದ್ದು. ಮಲೇಷ್ಯಾದಲ್ಲಿ ಕಾರು ಕೊಂಡು ಸಿಂಗಪುರದಲ್ಲಿ ಓಡಿಸುವ ಲೆಕ್ಕಾಚಾರ ಫಲಿಸದು. ಸಿಂಗಪುರದ ಪ್ರಜೆಗಳು, ಖಾಯಂ ನಿವಾಸಿಗಳು ಹಾಗೂ ಅಲ್ಲಿಯೇ ವಾಸಿಸುವ ಉದ್ಯೋಗ ಪರವಾನಗಿದಾರರು ವಿದೇಶಿ ನೋಂದಣಿಯ ಕಾರನ್ನು ಅಲ್ಲಿ ಬಳಸುವಂತಿಲ್ಲ.