ಮೊಣಕಾಲಿನ ಹರಿದ ಅಸ್ಥಿರಜ್ಜುವಿಗೆ ಜೈವಿಕ ಇಂಪ್ಲಾಂಟ್: ಸಾರ್ವಜನಿಕರಿಗೆ ಮಾಹಿತಿ

ಬಾಗಲಕೋಟೆಯ ನವನಗರ ಹಾಗೂ ಬಾದಾಮಿ, ಹುನಗುಂದ, ಇಳಕಲ್ಲ ತಾಲ್ಲೂಕುಗಳ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಕುಸ್ತಿ, ಕಬಡ್ಡಿ ಆಟಗಳಲ್ಲಿ ಹಾಗೂ ದ್ವಿಚಕ್ರ ವಾಹನ ಅಪಘಾತಗಳಲ್ಲಿ ಮೊಣಕಾಲಿನ ಲಿಗಮೆಂಟ್, ಅಂದರೆ ಅಸ್ಥಿರಜ್ಜು, ಹರಿಯುವ ಸಂಭವವಿರುತ್ತದೆ.

1. ಗಾಯದ ಸ್ವರೂಪ

ತೊಡೆಯ ಎಲುಬನ್ನು ಕೆಳಗಾಲಿನ ಎಲುಬಿಗೆ ಬಂಧಿಸುವ ರಜ್ಜುಗಳಲ್ಲಿ ಎ.ಸಿ.ಎಲ್. ಪ್ರಮುಖವಾದುದು. ಇದು ಹರಿದಾಗ ಕೆಲವೇ ಗಂಟೆಗಳಲ್ಲಿ ಬಾವು ಬರುವುದು ಮತ್ತು ನಡೆಯುವಾಗ ಮೊಣಕಾಲು ಜಾರಿದಂತಾಗುವುದು ಸಾಮಾನ್ಯ ಲಕ್ಷಣಗಳು. ದೇಹದ ಇತರೆಡೆ ಗಾಯವಾದಾಗ ರಕ್ತ ಹೆಪ್ಪುಗಟ್ಟಿ ಹರಿದ ಭಾಗಗಳ ನಡುವೆ ಸೇತುವೆಯಾಗುತ್ತದೆ. ಮೊಣಕಾಲಿನೊಳಗಿನ ಕೀಲುದ್ರವವು ಈ ಹೆಪ್ಪನ್ನು ಕರಗಿಸುವುದರಿಂದ ಪೂರ್ಣವಾಗಿ ಹರಿದ ಎ.ಸಿ.ಎಲ್. ತಾನಾಗಿ ಕೂಡುವುದು ವಿರಳ. ಎಣ್ಣೆ ಹಚ್ಚಿ ನೀವಿಸುವುದರಿಂದಲೂ ಅದು ಕೂಡುವುದಿಲ್ಲ.

2. ಪ್ರಚಲಿತ ಚಿಕಿತ್ಸೆ

ಎಲ್ಲ ರೋಗಿಗಳಿಗೂ ಶಸ್ತ್ರಚಿಕಿತ್ಸೆ ಅಗತ್ಯವಿರುವುದಿಲ್ಲ. ಕೆಲವರಿಗೆ ಫಿಸಿಯೋಥೆರಪಿ ಸಾಕಾಗುತ್ತದೆ. ಅಗತ್ಯವಿದ್ದಲ್ಲಿ ರೋಗಿಯ ತೊಡೆಯ ಹಿಂಭಾಗದಿಂದ ಅಥವಾ ಮೊಣಚಿಪ್ಪಿನ ಕೆಳಗಿನಿಂದ ಸ್ನಾಯುರಜ್ಜುವಿನ ಭಾಗವನ್ನು ತೆಗೆದು ಹೊಸ ರಜ್ಜುವಾಗಿ ಅಳವಡಿಸಲಾಗುತ್ತದೆ. ಇದು ಪರೀಕ್ಷಿತ ವಿಧಾನವಾಗಿದ್ದು, ರಜ್ಜು ತೆಗೆದ ಜಾಗದಲ್ಲಿ ನೋವು ಅಥವಾ ಬಲಹೀನತೆ ಉಳಿಯಬಹುದು.

3. ಜೈವಿಕ ಇಂಪ್ಲಾಂಟ್‌ಗಳು

ಈ ನ್ಯೂನತೆಯನ್ನು ನಿವಾರಿಸಲು ಸಂಶೋಧನೆಗಳು ನಡೆದಿವೆ. ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ಡಾ. ಮಾರ್ತಾ ಮರ್ರೆ ಅವರ ನೇತೃತ್ವದಲ್ಲಿ ರೂಪುಗೊಂಡ 'ಬೇರ್' ಇಂಪ್ಲಾಂಟ್‌ಗೆ ಆ ದೇಶದ ನಿಯಂತ್ರಣ ಪ್ರಾಧಿಕಾರವು ಡಿಸೆಂಬರ್ 2020ರಲ್ಲಿ ಅನುಮೋದನೆ ನೀಡಿತು. ದನದ ಅಂಗಾಂಶದ ಕೊಲಾಜೆನ್‌ನಿಂದ ತಯಾರಾದ ಈ ಮೃದು ತುಂಡಿಗೆ ರೋಗಿಯದೇ ರಕ್ತವನ್ನು ಸೇರಿಸಿ ಹರಿದ ತುದಿಗಳ ನಡುವೆ ಇರಿಸಲಾಗುತ್ತದೆ. ಅದು ಹೆಪ್ಪನ್ನು ಕಾಪಾಡಿ, ಸುಮಾರು 8 ವಾರಗಳಲ್ಲಿ ದೇಹದಲ್ಲಿ ಲೀನವಾಗುತ್ತದೆ. ಮೊದಲ ಅನುಮೋದನೆಯು 14 ವರ್ಷ ಮೇಲ್ಪಟ್ಟವರಿಗೆ, ಗಾಯವಾದ 50 ದಿನಗಳೊಳಗಿನ ಶಸ್ತ್ರಚಿಕಿತ್ಸೆಗೆ ಸೀಮಿತವಾಗಿತ್ತು.

100 ರೋಗಿಗಳ ಮೇಲೆ ನಡೆದ ಹೋಲಿಕೆ ಪ್ರಯೋಗದಲ್ಲಿ ಎರಡು ವರ್ಷಗಳ ನಂತರ ಮೊಣಕಾಲಿನ ಕಾರ್ಯಕ್ಷಮತೆ ಎರಡೂ ವಿಧಾನಗಳಲ್ಲಿ ಸಮನಾಗಿತ್ತು. ಮರುಗಾಯದ ಪ್ರಮಾಣ ಹೊಸ ವಿಧಾನದಲ್ಲಿ ಶೇ. 14, ಹಳೆಯ ವಿಧಾನದಲ್ಲಿ ಶೇ. 6 ಇತ್ತು. ರೋಗಿಗಳ ಸಂಖ್ಯೆ ಕಡಿಮೆ ಇದ್ದುದರಿಂದ ಈ ವ್ಯತ್ಯಾಸವನ್ನು ನಿರ್ಣಾಯಕವೆಂದು ಪರಿಗಣಿಸಿಲ್ಲ. ಆದಾಗ್ಯೂ, ಹೊಸದಾದ ಮಾತ್ರಕ್ಕೆ ಉತ್ತಮವೆಂದು ಭಾವಿಸಬಾರದು.

ರೇಷ್ಮೆಯೂ ಸಂಶೋಧನೆಯಲ್ಲಿದೆ. ಇಳಕಲ್ಲ ಸೀರೆಯ ಸೆರಗಿಗೆ ಬಳಸುವ ಹಿಪ್ಪುನೇರಳೆ ರೇಷ್ಮೆಯಂತಹ ಎಳೆಯಿಂದಲೇ, ಅದರ ಸೆರಿಸಿನ್ ಎಂಬ ಅಂಟನ್ನು ತೆಗೆದು, ರಜ್ಜುವಿನ ಆಧಾರ ಹಂದರವನ್ನು ರಚಿಸಬಹುದೆಂದು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2002ರಲ್ಲಿ ವರದಿ ಮಾಡಿದ್ದರು.

4. ಭಾರತದಲ್ಲಿನ ನಿಯಮಗಳು

ವಿದೇಶದ ಅನುಮೋದನೆಯು ಭಾರತಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ದಿನಾಂಕ 01-01-2018ರಿಂದ ಜಾರಿಯಲ್ಲಿರುವ ವೈದ್ಯಕೀಯ ಸಾಧನಗಳ ನಿಯಮಗಳು, 2017ರ ಅನ್ವಯ ಇಂಪ್ಲಾಂಟ್‌ಗಳ ಆಮದಿಗೆ ಕೇಂದ್ರ ಪ್ರಾಧಿಕಾರದ ಪರವಾನಗಿ ಕಡ್ಡಾಯ. ಪ್ರಾಯೋಗಿಕ ಸಾಧನವನ್ನು ಅಳವಡಿಸುವುದಾದರೆ ರೋಗಿಯ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ಪ್ರಯೋಗದಿಂದ ಹಾನಿಯಾದಲ್ಲಿ ಉಚಿತ ಚಿಕಿತ್ಸೆ ಹಾಗೂ ಪರಿಹಾರಕ್ಕೆ ಅವಕಾಶವಿದೆ. ಆದುದರಿಂದ ಹಣ ಪಾವತಿಸುವ ಮುನ್ನ ಪರವಾನಗಿಯ ಬಗ್ಗೆ ವಿಚಾರಿಸುವುದು ರೋಗಿಯ ಹಕ್ಕಾಗಿರುತ್ತದೆ.

5. ನೆರವು ಪಡೆಯುವ ಕ್ರಮ

ಅ) ಗಾಯವಾದ ಕೂಡಲೇ ಸಮೀಪದ ಸರ್ಕಾರಿ ಆಸ್ಪತ್ರೆ ಅಥವಾ ನವನಗರದ ಜಿಲ್ಲಾ ಆಸ್ಪತ್ರೆಗೆ ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಭೇಟಿ ನೀಡುವುದು.

ಆ) ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ, ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ನೋಂದಾಯಿತ ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯುವುದು.

ಇ) ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಹಾಗೂ ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಂತೆ ರೂ. 1.5 ಲಕ್ಷದವರೆಗೆ ನೆರವು ದೊರೆಯುತ್ತದೆ. ಉದ್ದೇಶಿತ ಶಸ್ತ್ರಚಿಕಿತ್ಸೆ ಪ್ಯಾಕೇಜ್ ಪಟ್ಟಿಯಲ್ಲಿರುವುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರಿಂದ ಮುಂಚಿತವಾಗಿ ಖಚಿತಪಡಿಸಿಕೊಳ್ಳುವುದು.

ಈ) ಇಂಪ್ಲಾಂಟ್‌ನ ಹೆಸರು ಹಾಗೂ ಬ್ಯಾಚ್ ಸಂಖ್ಯೆಯುಳ್ಳ ಚೀಟಿ ಮತ್ತು ಡಿಸ್ಚಾರ್ಜ್ ಪತ್ರವನ್ನು ಜೋಪಾನವಾಗಿರಿಸಿಕೊಳ್ಳುವುದು.

ಹೊಸ ಸಾಧನ ಬರುವುದೆಂದು ಕಾಯುತ್ತ, ಜಾರುವ ಮೊಣಕಾಲಿನಲ್ಲಿಯೇ ಆಟ ಅಥವಾ ದುಡಿಮೆ ಮುಂದುವರಿಸಿದಲ್ಲಿ ಕೀಲಿನ ಮೃದ್ವಸ್ಥಿಗೂ ಹಾನಿಯಾಗಿ ಮುಂದೆ ಸಂಧಿವಾತ ಬರಬಹುದು. ಆದ್ದರಿಂದ ಸಾರ್ವಜನಿಕರು ವಿಳಂಬ ಮಾಡದೆ ತಜ್ಞರ ತಪಾಸಣೆಗೆ ಒಳಪಟ್ಟು, ಯೋಜನೆಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.