ಚಿಲ್ಲರ್‌ಗಳ ಶಾಖ ವಿಸರ್ಜನೆ: ದಾವಣಗೆರೆ–ಹರಿಹರ

ನೀರಿನಿಂದ ತಣಿಯುವ ಚಿಲ್ಲರ್ ಹೊರಹಾಕುವ ಶಾಖ ಅದರ ತಂಪು ಸಾಮರ್ಥ್ಯಕ್ಕಿಂತ ಯಾವಾಗಲೂ ಹೆಚ್ಚು. ಒಳಗಿನಿಂದ ಹೀರಿಕೊಂಡ ಶಾಖದ ಜೊತೆಗೆ ಕಂಪ್ರೆಸರ್ ತಿಂದ ವಿದ್ಯುತ್ತಿನ ಬಹುಪಾಲೂ ಶಾಖವಾಗಿ ಕಂಡೆನ್ಸರ್ ಸೇರುತ್ತದೆ. ತಂಪಿನ ಲೆಕ್ಕದಲ್ಲಿ ಒಂದು ಟನ್ ಎಂದರೆ 3.517 ಕಿಲೋವ್ಯಾಟ್. ಆಸ್ಪತ್ರೆಯೊಂದರ 100 ಟನ್ ಚಿಲ್ಲರ್ 352 ಕಿಲೋವ್ಯಾಟ್ ಹೀರಿ, 65 ಕಿಲೋವ್ಯಾಟ್ ವಿದ್ಯುತ್ ಬಳಸಿದರೆ, ಕೂಲಿಂಗ್ ಟವರ್ ಕಳೆಯಬೇಕಾದದ್ದು 417 ಕಿಲೋವ್ಯಾಟ್. ಅದಕ್ಕೆ ಗಂಟೆಗೆ ಸುಮಾರು 600 ಲೀಟರ್ ನೀರು ಆವಿಯಾಗುತ್ತದೆ; ಉಳಿದ ನೀರಿನಲ್ಲಿ ಲವಣ ಸಾಂದ್ರವಾಗದಂತೆ ಆಗಾಗ ಹೊರಬಿಡುವುದಕ್ಕೆ ಇನ್ನೂ 200 ಲೀಟರ್ ಬೇಕಾದೀತು. ಹೀಗಾಗಿ ದಾವಣಗೆರೆಯಂಥ ಊರಿನಲ್ಲಿ ಚಿಲ್ಲರ್‌ನ ಟನ್ ಲೆಕ್ಕ ಕೊನೆಗೆ ನೀರಿನ ಲೆಕ್ಕವೇ.

100 ಟನ್ ಚಿಲ್ಲರ್‌ಗೆ 100 ಟನ್ ಟವರ್ ಸಾಕಲ್ಲವೇ ಎಂಬ ಆಕ್ಷೇಪ ಪೂರ್ತಿ ತಪ್ಪಲ್ಲ. ಟವರ್‌ನ ಟನ್ನನ್ನು ಸುಮಾರು 4.4 ಕಿಲೋವ್ಯಾಟ್ ಎಂದೇ ಹಿಡಿಯುವುದರಿಂದ ಕಂಪ್ರೆಸರ್‌ನ ಪಾಲು ಅದರಲ್ಲೇ ಅಡಗಿದೆ. ಆದರೆ ಕಂಡೆನ್ಸರ್ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟಿದಾಗ ಈ ಲೆಕ್ಕ ಸಡಿಲವಾಗುತ್ತದೆ: ತಂಪು ಇಳಿಯುತ್ತದೆ, ವಿದ್ಯುತ್ ಏರುತ್ತದೆ, ಒಂದೊಂದು ಟನ್ನಿಗೂ ಹೊರಹೋಗಬೇಕಾದ ಶಾಖ ಬೆಳೆಯುತ್ತದೆ. ಏಪ್ರಿಲ್‌ನ ಒಣಗಾಳಿ ಟವರ್‌ಗೆ ಅನುಕೂಲವೇ. ಅದೇ ತಿಂಗಳಲ್ಲಿ ತುಂಗಭದ್ರೆ ಸೊರಗುತ್ತದೆ, ಬೋರ್‌ವೆಲ್‌ನ ಗಡಸು ನೀರಿಗೆ ಕೈಚಾಚಬೇಕಾಗುತ್ತದೆ. ಗಾಳಿಯಿಂದ ತಣಿಯುವ ಚಿಲ್ಲರ್ ಹಾಕಿದರೆ ನೀರು ಉಳಿಯುತ್ತದೆ ಎನ್ನುವವರಿದ್ದಾರೆ. ಉಳಿಯುತ್ತದೆ, ಕರೆಂಟ್ ಬಿಲ್ಲಿನಲ್ಲಿ ಬೆಲೆ ತೆತ್ತು. ಕಂಪ್ರೆಸರ್ ಹೆಚ್ಚು ದುಡಿಯುವುದರಿಂದ ಅದು ಹೊರಹಾಕುವ ಒಟ್ಟು ಶಾಖವೂ ಹೆಚ್ಚೇ.

ಹಬೆಯಿಂದ ನಡೆಯುವ ಅಬ್ಸಾರ್ಪ್ಷನ್ ಚಿಲ್ಲರ್‌ನಲ್ಲಿ ಕೊಡುವ ತಂಪಿಗೂ ಹೊರಹಾಕುವ ಶಾಖಕ್ಕೂ ಇರುವ ಅಂತರ ಇನ್ನೂ ದೊಡ್ಡದು. ಹರಿಹರದ ಎದುರು ದಡದ ಕುಮಾರಪಟ್ಟಣಂನಲ್ಲಿ ಗ್ರಾಸಿಂ ಕಂಪನಿ ಮರದ ತಿರುಳು ಮತ್ತು ವಿಸ್ಕೋಸ್ ನಾರು ತಯಾರಿಸುತ್ತದೆ. ಕಾರ್ಬನ್ ಡೈಸಲ್ಫೈಡ್ ಸೇರಿಸುವ ಹಂತದಲ್ಲಿ ಬಿಸಿ ಹುಟ್ಟುತ್ತದೆ, ವಿಸ್ಕೋಸ್ ದ್ರಾವಣ ತಂಪಾಗಿರದಿದ್ದರೆ ಬೇಗ ಬಲಿತು ಗಟ್ಟಿಯಾಗುತ್ತದೆ. ಹಾಗಾಗಿ ಈ ಉದ್ಯಮಕ್ಕೆ ತಣ್ಣೀರು ಅನಿವಾರ್ಯ. ಹಬೆ ಹೇಗೂ ಉಳಿಯುವ ಕಾರ್ಖಾನೆಗಳಿಗೆ ಅಬ್ಸಾರ್ಪ್ಷನ್ ಅಗ್ಗವೆನಿಸುವುದು ಸಹಜ. ಆದರೆ ಒಂದೇ ಹಂತದ ಯಂತ್ರ 100 ಟನ್ ತಂಪಿಗೆ ಸುಮಾರು 500 ಕಿಲೋವ್ಯಾಟ್ ಹಬೆಯ ಶಾಖ ಕೇಳುತ್ತದೆ. ಟವರ್‌ಗೆ ಹೋಗುವುದು 850ರಷ್ಟು, ಅಂದರೆ ವಿದ್ಯುತ್ ಚಿಲ್ಲರ್‌ನ ಎರಡು ಪಟ್ಟು. ವಿದ್ಯುತ್ತಿನಲ್ಲಿ ಉಳಿಸಿದ್ದನ್ನು ನದಿಯಿಂದ ಎತ್ತುವ ನೀರಿನ ಜೊತೆ ತೂಗದೆ ಅಗ್ಗವೆನ್ನುವುದು ಅರ್ಧ ಲೆಕ್ಕ.