ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಹಾಗೂ ಪ್ರೌಢಶಾಲೆಗಳಲ್ಲಿ ಪೋಷಕರೇ ಬಹುಸಂಖ್ಯೆಯಲ್ಲಿರುವ ಸಮಿತಿ. ಜನರ ಬಾಯಲ್ಲಿ ಎಸ್‌ಡಿಎಂಸಿ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಸರ್ಕಾರಿ ಆದೇಶದ ಮೂಲಕ ರಚನೆಯಾಯಿತು. ಅದಕ್ಕೂ ಮೊದಲು ಗ್ರಾಮ ಶಿಕ್ಷಣ ಸಮಿತಿಗಳಿದ್ದವು. ಅಧ್ಯಕ್ಷರು ಪೋಷಕರಲ್ಲೊಬ್ಬರು, ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. ಶಾಲೆಯ ಅನುದಾನದ ಬ್ಯಾಂಕ್ ಖಾತೆ ಇವರಿಬ್ಬರ ಜಂಟಿ ಹೆಸರಿನಲ್ಲಿರುತ್ತದೆ. ಅಧ್ಯಕ್ಷಗಿರಿಗೆ ಹಳ್ಳಿಯ ರಾಜಕೀಯ ನುಸುಳುವುದಕ್ಕೆ ಈ ಸಹಿಯ ಅಧಿಕಾರವೂ ಒಂದು ಕಾರಣ.

2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಇಂಥ ಸಮಿತಿಗಳಿಗೆ ದೇಶಾದ್ಯಂತ ಶಾಸನದ ಬಲ ಕೊಟ್ಟಿತು. ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರು, ಶೇ. 50ರಷ್ಟು ಮಹಿಳೆಯರು ಇರಬೇಕು. ದುರ್ಬಲ ವರ್ಗದ ಮಕ್ಕಳ ಪೋಷಕರಿಗೂ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿದೆ. ಆದರೆ ಹಗಲು ಹೊತ್ತಿನಲ್ಲಿ ಸಭೆ ಕರೆದರೆ ಕೂಲಿಗೆ ಹೋಗುವ ತಾಯಂದಿರು ಆ ದಿನದ ಸಂಬಳ ಬಿಟ್ಟು ಬರಬೇಕು. ಎಷ್ಟೋ ಕಡೆ ನಡಾವಳಿ ಪುಸ್ತಕ ಸಹಿಗಾಗಿ ಮನೆ ಮನೆ ಸುತ್ತುವುದು ಹೀಗೆ.

ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು ಸಮಿತಿಯ ಮುಖ್ಯ ಕೆಲಸ. ಮುಂದಿನ ವರ್ಷಗಳ ದಾಖಲಾತಿ, ಬೇಕಾಗುವ ಶಿಕ್ಷಕರು, ಕೊಠಡಿಗಳ ಅಂದಾಜು ಅದರಲ್ಲಿರುತ್ತದೆ. ಸರ್ಕಾರದ ಅನುದಾನಕ್ಕೆ ಅದೇ ಆಧಾರವಾಗಬೇಕೆಂದು 22ನೇ ಕಲಮು ಹೇಳುತ್ತದೆ. ದಿನನಿತ್ಯದ ಮೇಲುಸ್ತುವಾರಿ ಇದಕ್ಕಿಂತ ಸರಳ: ಬಿಸಿಯೂಟದ ಅಕ್ಕಿಯಲ್ಲಿ ಹುಳವಿದೆಯೇ, ಹೆಣ್ಣುಮಕ್ಕಳ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತದೆಯೇ, ಸುಗ್ಗಿಯಲ್ಲಿ ಯಾವ ಮಕ್ಕಳು ಶಾಲೆ ತಪ್ಪಿಸುತ್ತಿದ್ದಾರೆ ಎಂದು ನೋಡುವುದು.